ಅಜ್ಜಂಪುರದ ದಾರಿ

ಚಳಿಗಾಲ ಬಂತೆಂದರೆ ಶಾಲಾಬಾಲಕರ ಬಸ್ಸುಗಳು ಬೇಲೂರು ಹಳೇಬೀಡುಗಳತ್ತ ಹೊರಡುತ್ತವೆ. ಮದನಿಕೆಯರನ್ನು ನೋಡಿ, ಬುತ್ತಿ ಬಿಚ್ಚಿ, ಮನೆಗೆ ಬಂದು ಪ್ರಬಂಧ ಬರೆದರೆ ಇತಿಹಾಸ ಮುಗಿಯಿತು. ಅವುಗಳಲ್ಲಿ ಒಂದೆರಡಾದರೂ ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದ ಕಡೆಗೆ ತಿರುಗಬಾರದೇಕೆ? ಅಲ್ಲಿಯ ಅಮೃತಮಹಲ್ ತಳಿ ಸಂವರ್ಧನ ಕೇಂದ್ರದಲ್ಲಿರುವ ಇತಿಹಾಸ ಹುಲ್ಲು ಮೇಯುತ್ತದೆ. ಸಮೀಪಕ್ಕೆ ಹೋದರೆ ಕೊಂಬನ್ನೂ ತೋರಿಸುತ್ತದೆ.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಈ ಹಿಂಡಿನ ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂದು ಹೆಸರು. ಅರಮನೆಗೆ ಹಾಲು ಬೆಣ್ಣೆಗಳನ್ನು ಒದಗಿಸುವುದು ಅದರ ಕೆಲಸ. ಹೈದರಾಲಿ ಅದನ್ನು ಬೆಳೆಸಿದ. ಟಿಪ್ಪು ಅಮೃತಮಹಲ್ ಎಂದು ಕರೆದ. ಹೆಸರು ಕೇಳಿದ ಪಟ್ಟಣದ ಹುಡುಗ ಹಸು ಎಷ್ಟು ಲೀಟರು ಕರೆಯುತ್ತದೆಂದು ಕೇಳದೆ ಬಿಡನು. ಉತ್ತರದಿಂದ ಅವನಿಗೆ ನಿರಾಶೆಯಾದೀತು: ಈ ತಳಿಗೆ ಹಾಲು ಅತ್ಯಲ್ಪ. ಇದರ ಕೀರ್ತಿಯೆಲ್ಲ ಎತ್ತುಗಳದು. ಫಿರಂಗಿ, ಮದ್ದುಗುಂಡು, ದವಸಗಳನ್ನೆಳೆದು ದಂಡಿನ ಜೊತೆಗೆ ಹೆಜ್ಜೆಯಿಡುತ್ತಿದ್ದವು ಅವು. ಹೈದರನು ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿದ್ದು ಇವುಗಳ ಬಲದಿಂದಲೇ ಎಂದು ಬ್ರಿಟಿಷರ ಕಾಲದ ಬರಹಗಳು ಹೇಳುತ್ತವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡು ಇಂಗ್ಲಿಷರ ಕೈಸೇರಿತು.

ಅನಂತರದ ಕಥೆಯನ್ನು ಉಪಾಧ್ಯಾಯರು ಅವಶ್ಯವಾಗಿ ಹೇಳಬೇಕು. 1860ರಲ್ಲಿ ಸರ್ಕಾರ ಖರ್ಚು ಉಳಿಸುವ ಹುರುಪಿನಲ್ಲಿ ಹಿಂಡನ್ನು ಮಾರಿ ಚದುರಿಸಿತು. ಆರು ವರ್ಷ ಕಳೆಯುವಷ್ಟರಲ್ಲಿ ಒಳ್ಳೆಯ ಎತ್ತುಗಳ ಅಭಾವ ತಟ್ಟಿತು. 1866ರಲ್ಲಿ ಅದೇ ಸರ್ಕಾರ ಹಿಂಡನ್ನು ಹೊಸದಾಗಿ ಕೂಡಿಸತೊಡಗಿತು. ಮಾರಲು ಒಂದು ಆಜ್ಞೆ ಸಾಕು. ಹೋರಿ, ಹಸು, ಕರು, ಮತ್ತೆ ಹೋರಿ ಎಂದು ತಲೆಮಾರು ಬೆಳೆಸಲು ಆಜ್ಞೆ ಸಾಲದು.

ದನವಿದ್ದರೂ ಸಾಲದು, ಕಾವಲು ಬೇಕು. ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ಬೇಸಗೆಗೊಂದು ಎಂದು ಹುಲ್ಲುಗಾವಲುಗಳನ್ನು ವಿಂಗಡಿಸಿ ಹಿಂಡನ್ನು ನಡೆಸುತ್ತಿದ್ದ ಕ್ರಮ ಹಿಂದಿನವರದು. ಆ ಭೂಮಿಯಲ್ಲಿ ಬಹುಭಾಗ ಕೈಬಿಟ್ಟಿತು. ಚಳ್ಳಕೆರೆಯ ಬಳಿ ಕುದಾಪುರದ ಕಾವಲಿನಲ್ಲಿ ಈಗ ವಿಜ್ಞಾನ ಸಂಸ್ಥೆಗಳಿವೆ. ದೇಶಕ್ಕೆ ಅವೂ ಬೇಕು, ಆದರೆ ಅಲ್ಲಿ ಕುರಿದನ ಮೇಯಿಸುತ್ತಿದ್ದವರ ಪ್ರಶ್ನೆಯನ್ನು ಮಕ್ಕಳೂ ಕೇಳಲಿ. ಕಡೂರು ಸೀಮೆಯ ಬಾಸೂರು ಕಾವಲು ಮಾತ್ರ 2011ರಲ್ಲಿ ಸಂರಕ್ಷಿತ ಪ್ರದೇಶವಾಯಿತು. ಅಲ್ಲಿ ಕೃಷ್ಣಮೃಗಗಳೂ ತೋಳಗಳೂ ಇವೆ.

ಹೋಗುವವರು ಕೇಂದ್ರದ ಅಧಿಕಾರಿಗಳ ಅನುಮತಿಯನ್ನು ಮೊದಲೇ ಪಡೆದು, ಬೇಲಿಯ ಹೊರಗೆ ನಿಂತು ನೋಡುವುದು ಮೇಲು. ಹಿಂದಕ್ಕೆ ಬಾಗಿ ಮತ್ತೆ ಮೇಲೆದ್ದ ಆ ಚೂಪು ಕೊಂಬಿನ ಹಸುಗಳು ಅಪರಿಚಿತರನ್ನು ಸಹಿಸುವುದಿಲ್ಲ. ಬೇಲೂರಿನ ಮದನಿಕೆಯರ ತಾಳ್ಮೆ ಅವಕ್ಕಿಲ್ಲ.