ಸೋರುವ ಮಿಷನ್ನು, ಏರುವ ಸಾಲ

ಬರದ ವರ್ಷಗಳಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ತೋಟಗಳಲ್ಲಿ ಹಕ್ಕಿಯ ದನಿಗಿಂತ ಮರ ಕೊಯ್ಯುವ ಮಿಷನ್ನಿನ ಸದ್ದೇ ಹೆಚ್ಚು ಕೇಳಿಸಿತು. ಹಿರಿಯೂರು, ಹೊಸದುರ್ಗದ ತೆಂಗು, ಹೊಳಲ್ಕೆರೆಯ ಅಡಿಕೆ ನಿಂತಲ್ಲೇ ಒಣಗಿದವು. ಕೊಳವೆಬಾವಿ ಕೊರೆಸಿ ಕೊರೆಸಿ ಸೋತ ರೈತ ಕೊನೆಗೆ ತಾನೇ ನೆಟ್ಟು ನೀರೆರೆದ ಮರಗಳನ್ನು ತಾನೇ ಉರುಳಿಸಿದ. 1933ರಲ್ಲಿ ಕೋಡಿ ಬಿದ್ದಿದ್ದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನೀರು ಬಂತು ನಿಜ, ಆದರೆ ಕಡಿದ ಮರ ಚಿಗುರಲಿಲ್ಲ, ಮಾಡಿದ ಸಾಲವೂ ತೀರಲಿಲ್ಲ.

ಆ ಕಾಲದಲ್ಲಿ ಕೊಂಡ ಚೈನ್‌ಸಾಗಳು ಈಗ ಹಳತಾಗಿವೆ. ಒಣಗಿದ ತೆಂಗು ಕಡಿಯಲು, ಸೀಮೆಜಾಲಿ ತೆಗೆಯಲು, ಹುಣಸೆ ಬೇವಿನ ರೆಂಬೆ ಸವರಲು ಇಂದಿಗೂ ಅವೇ ಬೇಕು. ಹಲವರು ಅದೇ ಮಿಷನ್ ಹೊತ್ತು ಊರೂರು ತಿರುಗಿ ಬಾಡಿಗೆಗೆ ಮರ ಕೊಯ್ದು ಸಂಸಾರ ನಡೆಸುತ್ತಾರೆ. ಒಂದು ದಿನ ಮಿಷನ್ ಇಟ್ಟ ಜಾಗದಲ್ಲಿ ಎಣ್ಣೆಯ ಕಲೆ ಕಾಣುತ್ತದೆ. ಮರುದಿನ ಇನ್ನಷ್ಟು. ಪೇಟೆಗೆ ಒಯ್ದರೆ ಅಂಗಡಿಯವನು ಕವರ್ ಕೂಡ ಬಿಚ್ಚದೆ ತೀರ್ಪು ಕೊಡುತ್ತಾನೆ: "ಇದರ ಕಾಲ ಮುಗೀತು ಗೌಡ್ರೆ, ಪಾರ್ಟ್ಸೂ ಬರ್ತಿಲ್ಲ. ಹೊಸದು ತಗೊಳ್ಳಿ, ಕಂತಿನ ಮೇಲೆ ಕೊಡಿಸ್ತೀನಿ."

ಹೀಗೆ ಅಂಗೈಯಗಲದ ಎಣ್ಣೆಯ ಕಲೆ ಒಂದು ಸಾಲದ ಖಾತೆಯಾಗುತ್ತದೆ. ನಾವು ಹೇಳುವುದು ಇಷ್ಟೇ: ಬಹಳಷ್ಟು ಸಲ ಈ ಸಾಲ ಬೇಕಾಗಿಯೇ ಇರುವುದಿಲ್ಲ. ಸೋರಿಕೆಯ ಕಾರಣ ಸಾಮಾನ್ಯವಾಗಿ ಒಂದು ರಬ್ಬರ್ ಬಳೆ, ಒಂದು ಗೇಣುದ್ದದ ಪೈಪು, ಇಲ್ಲವೇ ಕಟ್ಟಿಕೊಂಡ ಮರದ ಪುಡಿ. ಅದನ್ನು ಗುರುತಿಸುವ ವಿದ್ಯೆ ರೈತನ ಕೈಯಲ್ಲಿರಬೇಕು.

ಮೊದಲು ತಿಳಿಯಬೇಕಾದ್ದು, ಚೈನ್‌ಸಾದಲ್ಲಿ ಟ್ಯಾಂಕುಗಳು ಎರಡು. ಒಂದರಲ್ಲಿ ಟೂ-ಸ್ಟ್ರೋಕ್ ಆಯಿಲ್ ಬೆರೆಸಿದ ಪೆಟ್ರೋಲು, ಇನ್ನೊಂದರಲ್ಲಿ ಚೈನಿಗೆ ಹೋಗುವ ಎಣ್ಣೆ. ಸೋರುತ್ತಿರುವುದು ಯಾವುದು? ಬೆರಳಿಗೆ ಹಚ್ಚಿ ನೋಡಿ. ತೆಳ್ಳಗಿದ್ದು ಪೆಟ್ರೋಲಿನ ವಾಸನೆ ಹೊಡೆದರೆ ಇಂಧನ. ಅಂಟಂಟಾಗಿ ದಪ್ಪಗಿದ್ದರೆ ಚೈನ್ ಎಣ್ಣೆ. ಮಿಷನ್ನನ್ನು ಚೆನ್ನಾಗಿ ಒರೆಸಿ, ಎರಡೂ ಟ್ಯಾಂಕು ತುಂಬಿ, ಬೆಂಕಿಯಿಂದ ದೂರ, ಗಾಳಿಯಾಡುವ ಕಡೆ ಒಂದು ರಟ್ಟಿನ ಮೇಲೆ ರಾತ್ರಿಯೆಲ್ಲ ಇಡಿ. ಬೆಳಿಗ್ಗೆ ಕಲೆ ಎಲ್ಲಿ ಬಿದ್ದಿದೆಯೋ ಅದರ ಮೇಲ್ಗಡೆಯೇ ರೋಗವಿದೆ.

ಕೆಲಸ ಮುಗಿಸಿ ಇಟ್ಟ ಮೇಲೆ ನಾಲ್ಕು ಹನಿ ತೊಟ್ಟಿಕ್ಕುವುದು ರೋಗವೇ ಅಲ್ಲ. ಬಾರಿನ ಸೀಳಿನಲ್ಲಿ, ಕವರಿನೊಳಗಿನ ಪುಡಿಯಲ್ಲಿ ಹೀರಿಕೊಂಡಿದ್ದ ಎಣ್ಣೆ ನಿಧಾನವಾಗಿ ಇಳಿಯುತ್ತದೆ. ಹೊಸ ಮಿಷನ್ನೂ ಹಾಗೇ ಮಾಡುತ್ತದೆ. ಟ್ಯಾಂಕೇ ಬರಿದಾಗುವಷ್ಟು ಸೋರಿದರೆ ಮಾತ್ರ ಮುಂದಿನ ತನಿಖೆ.

ಮೊದಲ ಅನುಮಾನ ಮುಚ್ಚಳದ ಮೇಲಿರಲಿ. ಅದರ ರಬ್ಬರ್ ಬಳೆ ಚಪ್ಪಟೆಯಾಗಿದ್ದರೆ, ಬಿರಿದಿದ್ದರೆ ಬದಲಿಸಿ. ಎರಡನೆಯದು ಬಾರು. ಬಾರನ್ನು ಬಿಚ್ಚಿ ಅದರ ಬುಡದಲ್ಲಿರುವ ಎಣ್ಣೆಯ ತೂತನ್ನು ನೋಡಿ. ತೆಂಗಿನ ಮರದ ನಾರು, ಪುಡಿ ಅಲ್ಲಿ ಮೆತ್ತಿಕೊಂಡರೆ ಎಣ್ಣೆ ಚೈನಿಗೆ ಹೋಗದೆ ಕವರಿನ ಕೆಳಗೆ ಹರಿಯುತ್ತದೆ. ನೋಡಿದವರು ಪಂಪು ಕೆಟ್ಟಿತು ಅನ್ನುತ್ತಾರೆ. ಒಂದು ತಂತಿಯಿಂದ ತೂತು ಬಿಡಿಸಿ, ಸೀಳನ್ನು ಕೆರೆದು, ಬಾರನ್ನು ಮಗುಚಿ ಹಾಕಿದರೆ ಮುಗಿಯಿತು. ಬಾರು ಎರಡೂ ಕಡೆ ಸಮನಾಗಿ ಸವೆಯುವ ಲಾಭ ಬೇರೆ.

ಮೂರನೆಯದು ಟ್ಯಾಂಕಿನಿಂದ ಪಂಪಿಗೆ ಹೋಗುವ ರಬ್ಬರ್ ಪೈಪು. ಹಳೆಯ ಮಿಷನ್ನಿನಲ್ಲಿ ಇದು ಸೀಳುವುದು ತೀರಾ ಮಾಮೂಲು. ನಾಲ್ಕನೆಯದು ಟ್ಯಾಂಕಿಗೆ ಗಾಳಿ ಹೋಗುವ ಸಣ್ಣ ಕವಾಟ. ಅದು ಕೆಟ್ಟು ತೆರೆದೇ ಉಳಿದರೆ ಅಲ್ಲಿಂದಲೇ ಎಣ್ಣೆ ಹೊರಬರುತ್ತದೆ. ಕಟ್ಟಿಕೊಂಡರೆ ಬಿಸಿಲಿಗೆ ಟ್ಯಾಂಕಿನೊಳಗೆ ಒತ್ತಡ ಏರಿ ಎಣ್ಣೆ ಸಿಕ್ಕ ಸಂದಿಯಲ್ಲಿ ನುಗ್ಗುತ್ತದೆ, ಓಡುವಾಗ ಚೈನಿಗೆ ಎಣ್ಣೆ ಸಿಗುವುದಿಲ್ಲ. ಪಂಪಿನ ಸರದಿ ಇವೆಲ್ಲ ಆದ ಮೇಲೆ. ಪಂಪು ಹಲವು ಮಿಷನ್ನುಗಳಲ್ಲಿ ಕ್ಲಚ್ಚಿನ ಹಿಂದೆ ಇರುತ್ತದೆ. ಹೆಚ್ಚಿನವುಗಳಲ್ಲಿ ಕ್ಲಚ್ಚಿನ ಥ್ರೆಡ್ಡು ಉಲ್ಟಾ: ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಇದು ಗೊತ್ತಿಲ್ಲದೆ ಸುತ್ತಿಗೆಯಲ್ಲಿ ಬಡಿದು ಮುರಿದವರುಂಟು. ಸ್ಪಾರ್ಕ್ ಪ್ಲಗ್ ತೆಗೆದು ಆ ತೂತಿನಲ್ಲಿ ಒಂದಿಷ್ಟು ಹಗ್ಗ ಇಳಿಸಿದರೆ ಪಿಸ್ಟನ್ ತಡೆದು ನಿಲ್ಲುತ್ತದೆ, ಕ್ಲಚ್ಚು ಸಲೀಸಾಗಿ ಬರುತ್ತದೆ. ಯಾವ ರಿಪೇರಿಯೇ ಆಗಲಿ, ಪ್ಲಗ್ಗಿನ ವೈರು ಕಿತ್ತ ಮೇಲೆಯೇ ಕೈ ಹಾಕಬೇಕು.

ರಿಪೇರಿ ಸರಿಯಾಯಿತೇ? ಬಾರಿನ ತುದಿಯನ್ನು ಬಿಳಿ ಕಾಗದದ ಎದುರು, ತಾಗಿಸದೆ, ಗೇಣು ದೂರ ಹಿಡಿದು ಆಕ್ಸಿಲೇಟರ್ ಒತ್ತಿ. ಕಾಗದದ ಮೇಲೆ ಎಣ್ಣೆಯ ಗೆರೆ ಮೂಡಬೇಕು. ಇನ್ನೊಂದು ಲೆಕ್ಕ: ಒಂದು ಟ್ಯಾಂಕು ಪೆಟ್ರೋಲು ಮುಗಿಯುವಷ್ಟರಲ್ಲಿ ಚೈನ್ ಎಣ್ಣೆಯೂ ಬಹುಪಾಲು ಮುಗಿದಿರಬೇಕು. ಮುಗಿಯದಿದ್ದರೆ ಸಂತೋಷಪಡಬೇಡಿ, ಬಾರು ಒಣಗಿ ಸುಡುತ್ತಿದೆ ಎಂದರ್ಥ.

ಇವೆಲ್ಲ ಸಣ್ಣ ಸೋರಿಕೆ. ನಿರ್ಲಕ್ಷಿಸಬಾರದ ಸೋರಿಕೆ ಎರಡಿವೆ. ಕ್ಲಚ್ಚಿನ ಹಿಂದೆ ಅಥವಾ ಫ್ಲೈವೀಲಿನ ಹಿಂದೆ ಕಪ್ಪು ಜಿಡ್ಡು ಕಟ್ಟಿ, ಆಕ್ಸಿಲೇಟರ್ ಬಿಟ್ಟರೂ ಇಂಜಿನ್ ತಾನಾಗಿ ಜೋರಾಗಿ ಓಡಿದರೆ ಕ್ರ್ಯಾಂಕಿನ ಸೀಲು ಹೋಗಿರಬಹುದು. ಆಗ ಇಂಜಿನ್ನೊಳಕ್ಕೆ ಹೆಚ್ಚು ಗಾಳಿ ಎಳೆದು, ಪಿಸ್ಟನ್ನಿಗೆ ಎಣ್ಣೆ ಸಾಲದೆ ಜಾಮ್ ಆಗುತ್ತದೆ. ಆ ಕ್ಷಣ ನಿಲ್ಲಿಸಿ. ಸೀಲು ಅಗ್ಗ, ಪಿಸ್ಟನ್ನು ದುಬಾರಿ. ಎರಡನೆಯದು ಚೈನ್ ಬ್ರೇಕಿನ ಪಟ್ಟಿಗೆ ಮೆತ್ತುವ ಎಣ್ಣೆ ಮತ್ತು ಪುಡಿ. ಬ್ರೇಕು ಜಾರಿದರೆ ಹೋಗುವುದು ಕೈಕಾಲು. ಅದಕ್ಕೆ ಯಾವ ಅಂಗಡಿಯಲ್ಲೂ ಪಾರ್ಟ್ಸ್ ಸಿಗೋದಿಲ್ಲ.

ಇನ್ನು ನಮ್ಮವರ ಒಂದು ಅಭ್ಯಾಸ. ಟ್ರಾಕ್ಟರಿನಿಂದ ಇಳಿಸಿದ ಹಳೇ ಎಣ್ಣೆಯನ್ನೇ ಚೈನಿಗೆ ಹಾಕುವುದು. ಬಿಟ್ಟಿ ಸಿಗುತ್ತದೆ, ಒಪ್ಪೋಣ. ಆದರೆ ಅದರಲ್ಲಿ ಕಬ್ಬಿಣದ ಸೂಕ್ಷ್ಮ ಪುಡಿ ಇರುತ್ತದೆ. ಪಂಪು ಸವೆಯುತ್ತದೆ, ಉಳಿದದ್ದು ತೋಟದ ಮಣ್ಣಿಗೆ ಬೀಳುತ್ತದೆ. ಯುರೋಪಿನಲ್ಲಿ ಕಾಡಿನ ಕೆಲಸಕ್ಕೆ ಸಸ್ಯಜನ್ಯ ಎಣ್ಣೆ ಬಳಸುವುದುಂಟು. ಎಣ್ಣೆ ಮಿಲ್ಲುಗಳ ಊರಾದ ಚಳ್ಳಕೆರೆ ಪಕ್ಕದಲ್ಲೇ ಇದೆ, ಹೊಂಗೆ ಬೇಲಿ ಬೇಲಿಯಲ್ಲೂ ಇದೆ. ನಮ್ಮ ಬಿಸಿಲಿಗೆ, ನಮ್ಮ ಮಿಷನ್ನಿಗೆ ಯಾವ ಎಣ್ಣೆ ಹೊಂದುತ್ತದೆ ಎಂದು ಪರೀಕ್ಷಿಸಿ ಹೇಳುವ ಕೆಲಸ ವಿಜ್ಞಾನಿಗಳದು. ಸಸ್ಯದ ಎಣ್ಣೆ ತಿಂಗಳುಗಟ್ಟಲೆ ನಿಂತರೆ ಗೋಂದಿನಂತೆ ಗಟ್ಟಿಯಾಗುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ಈಗ ಸರ್ಕಾರದ ಪಾಲಿಗೆ ಬರೋಣ. ಪೆಟ್ರೋಲಿಗೆ ಶೇ. 20 ಎಥನಾಲ್ ಬೆರೆಸುವ ಗುರಿ ಮೊದಲು 2030ಕ್ಕೆ ಇತ್ತು, ಅದನ್ನು 2025ಕ್ಕೇ ಎಳೆದು ತಂದರು. ಎಥನಾಲ್ ನೀರು ಹೀರುತ್ತದೆ, ಹಳೆಯ ರಬ್ಬರ್ ಪೈಪು, ಗ್ಯಾಸ್ಕೆಟ್ಟುಗಳನ್ನು ಉಬ್ಬಿಸಿ ಬಿರಿಯಿಸುತ್ತದೆ. ಎಷ್ಟೋ ಚೈನ್‌ಸಾಗಳ ಕೈಪಿಡಿಯಲ್ಲಿ ಶೇ. 10 ದಾಟಬಾರದು ಎಂದು ಅಚ್ಚಾಗಿದೆ. ನಾವು ಎಥನಾಲಿನ ವಿರೋಧಿಗಳಲ್ಲ. ಅದು ಕಬ್ಬಿನಿಂದ, ಮೆಕ್ಕೆಜೋಳದಿಂದ ಬರುತ್ತದೆ, ಹೊಳಲ್ಕೆರೆ ಹೊಸದುರ್ಗದ ರೈತರೂ ಮೆಕ್ಕೆಜೋಳ ಬೆಳೆಯುತ್ತಾರೆ. ಆದರೆ ಬಂಕಿನಲ್ಲಿ ಬೇರೆ ದಾರಿಯನ್ನೇ ಇಡದೆ, ಹಳೆಯ ಮಿಷನ್ನಿನ ಪೈಪು ಹೋದರೆ ಅದು ರೈತನ ಕರ್ಮ ಎಂದು ಕೈತೊಳೆದುಕೊಳ್ಳುವುದು ಯಾವ ನ್ಯಾಯ? ಅಲ್ಲಿಯವರೆಗೆ ನಾವು ಮಾಡಬಹುದಾದ್ದು ಇಷ್ಟು: ಬೇಕಾದಷ್ಟೇ ಪೆಟ್ರೋಲು ಬೆರೆಸಿ, ಕೆಲಸವಾದ ಮೇಲೆ ಟ್ಯಾಂಕು ಖಾಲಿ ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ.

ಕೃಷಿ ಯಂತ್ರ ಕೊಳ್ಳಲು ಸಹಾಯಧನವಿದೆ. ನಮ್ಮ ರಾಜ್ಯದ ಯೋಜನೆಗಳಲ್ಲಿ ಸಾಮಾನ್ಯ ರೈತರಿಗೆ ಅರ್ಧದವರೆಗೆ, ಪರಿಶಿಷ್ಟರಿಗೆ ಶೇ. 90ರವರೆಗೆ ಕೊಟ್ಟಿದ್ದಾರೆ. ಸಂತೋಷ. ಆದರೆ ಕೊಂಡ ಯಂತ್ರವನ್ನು ಹತ್ತು ವರ್ಷ ಬಾಳಿಸಲು ಏನಿದೆ? ಹೊಸದು ಮಾರಾಟವಾದರೆ ಕಂಪನಿಗೆ ಲಾಭ, ಡೀಲರಿಗೆ ಕಮಿಷನ್, ಫೈನಾನ್ಸಿನವರಿಗೆ ಬಡ್ಡಿ. ಹಳೆಯದು ಬಾಳಿದರೆ ಲಾಭ ರೈತನೊಬ್ಬನಿಗೇ. ಅದಕ್ಕೇ ಅದರ ಬಗ್ಗೆ ಮಾತಾಡುವವರಿಲ್ಲ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಅದು ಗುರುತಿಸಿದ ನಾಲ್ಕು ವಿಭಾಗಗಳಲ್ಲಿ ಕೃಷಿ ಉಪಕರಣವೂ ಒಂದು. ಜಾಲತಾಣವೂ ಬಂತು. ಹೊಸದುರ್ಗದ ರೈತನಿಗೆ ಬೇಕಾದ ಪೈಪು ಮಾತ್ರ ಬರಲಿಲ್ಲ.

ಕೊಬ್ಬರಿಯ ಕಥೆ ನೆನಪಿಸಿಕೊಳ್ಳಿ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ಅದಕ್ಕಿಂತ ಸಾವಿರಾರು ರೂಪಾಯಿ ಕಡಿಮೆಗೆ ಹರಾಜಾಯಿತು. 2025ರಲ್ಲಿ ಬೆಲೆ ಏರಿತು, ಆದರೆ ಅಷ್ಟು ಹೊತ್ತಿಗೆ ಎಷ್ಟೋ ಮಂದಿಯ ತೋಟದಲ್ಲಿ ಕಾಯಿಯೇ ಇರಲಿಲ್ಲ. ನಮ್ಮ ಬೆಳೆಯ ಬೆಲೆ ನಮ್ಮ ಕೈಯಲ್ಲಿಲ್ಲ. ಖರ್ಚನ್ನಾದರೂ ಒಂದಿಷ್ಟು ನಮ್ಮ ಕೈಯಲ್ಲಿ ಇಟ್ಟುಕೊಳ್ಳೋಣ ಎಂಬುದೇ ಈ ಬರಹದ ಉದ್ದೇಶ.

ಆದ್ದರಿಂದ ನಮ್ಮ ಬೇಡಿಕೆಗಳು ಇವು:

1. ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರಗಳು ಬಾಡಿಗೆಗೆ ಯಂತ್ರ ಕೊಟ್ಟರೆ ಸಾಲದು. ಅಲ್ಲಿ ಒಂದು ರಿಪೇರಿ ಬೆಂಚು, ಒಬ್ಬ ಮೆಕ್ಯಾನಿಕ್ ಇರಲಿ.

2. ಸಹಾಯಧನದಲ್ಲಿ ಮಾರುವ ಪ್ರತಿ ಯಂತ್ರದ ಬಿಡಿಭಾಗಗಳು ಕನಿಷ್ಠ 10 ವರ್ಷ ತಾಲ್ಲೂಕಿನಲ್ಲೇ ಸಿಗಬೇಕು. ಈ ಷರತ್ತಿಗೆ ಒಪ್ಪದ ಕಂಪನಿಗೆ ಸಹಾಯಧನ ಬೇಡ.

3. ಹಿರಿಯೂರು ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರ ವರ್ಷಕ್ಕೊಮ್ಮೆಯಾದರೂ ಸಣ್ಣ ಇಂಜಿನ್ ರಿಪೇರಿಯ ಶಿಬಿರ ನಡೆಸಲಿ.

4. ಕೈಪಿಡಿ ಕನ್ನಡದಲ್ಲಿರಲಿ, ಬಿಚ್ಚುವ ಜೋಡಿಸುವ ಚಿತ್ರಗಳ ಸಮೇತ.

ಬೇಡಿಕೆ ಈಡೇರುವವರೆಗೆ ಕಾಯುತ್ತ ಕೂರಬೇಕಿಲ್ಲ. ಊರಿಗೊಬ್ಬರು ಕಲಿತರೆ ಸಾಕು, ಹತ್ತು ಮಿಷನ್ನು ಉಳಿಯುತ್ತವೆ. ಮುಂದಿನ ಸಲ ಎಣ್ಣೆಯ ಕಲೆ ಕಂಡಾಗ ಪೇಟೆಯ ಬಸ್ಸು ಹತ್ತುವ ಮೊದಲು ಬಾರು ಬಿಚ್ಚಿ ಆ ತೂತನ್ನೊಮ್ಮೆ ನೋಡಿ.