ಮೊಟ್ಟೆ ಒಟ್ಟಿಗೆ ಒಡೀಲಿಲ್ವಾ? ಕೋಠಿಯನ್ನ ಬೈಯೋ ಮುಂಚೆ ಕಾವು ನೋಡಿ

ವೇಮಗಲ್ ಕಡೆ ಬೇಸಿಗೆ ಬಂದ್ರೆ ರೇಷ್ಮೆ ಬೆಳೆಗಾರರದ್ದು ಒಂದೇ ಮಾತು: "ಮೊಟ್ಟೆ ಸರಿಯಿಲ್ಲ ಅಣ್ಣಾ, ಅರ್ಧ ಇವತ್ತು ಒಡೀತು, ಅರ್ಧ ನಾಳಿದ್ದು." ಮೊದಲ ಬೆಳೆಯಲ್ಲಿ ನಾನೂ ಬಿತ್ತನೆ ಕೋಠಿಯನ್ನೇ ಬೈದಿದ್ದೆ. ಆದರೆ ಮೊಟ್ಟೆ ಹಾಳೆ ಇಟ್ಟಿದ್ದ ಶೀಟಿನ ಮನೆಯ ಕಾವನ್ನ ಒಂದು ದಿನವೂ ಅಳೆದಿರಲಿಲ್ಲ.

ಮೊಟ್ಟೆಗೆ ಬೇಕಿರೋದು 25 ಡಿಗ್ರಿ ಶಾಖ, ಶೇ. 80ರಷ್ಟು ತೇವಾಂಶ. ಬಿಸಿ ಏರಿದ್ರೆ ಸುತ್ತ ಒದ್ದೆ ಗೋಣಿ ಕಟ್ಟಿ. ಮೊಟ್ಟೆಯಲ್ಲಿ ಕಪ್ಪು ಚುಕ್ಕೆ ಕಂಡಾಗ ಕಪ್ಪು ಬಟ್ಟೆ ಸುತ್ತಿ ಎರಡು ದಿನ ಕತ್ತಲಲ್ಲಿಡಿ. ಒಡೆಯೋ ದಿನ ಬೆಳಗ್ಗೆ ಬೆಳಕಿಗೆ ತೆರೆದ್ರೆ ಹುಳು ಒಟ್ಟಿಗೆ ಬರುತ್ತೆ. ಇಲ್ಲಾಂದ್ರೆ ಜ್ವರವೂ ಒಟ್ಟಿಗೆ ಆಗಲ್ಲ, ಸೊಪ್ಪು ದಂಡ.

ಒಂದು ಥರ್ಮಾಮೀಟರ್ ತಗೊಳ್ಳಿ, ದಿನಾ ಫೋಟೋ ತೆಗೆದಿಡಿ. ಇಷ್ಟಾದ ಮೇಲೂ ಒಡೀದಿದ್ರೆ ಕೋಠಿಯವರನ್ನ ಕೇಳಿ. ಆಗ ನಿಮ್ಮ ಮಾತಿಗೆ ತೂಕ ಇರುತ್ತೆ.