ಕನ್ನಡ ವಿಳಾಸ ಓದಬಲ್ಲ ಅಂಚೆಯವ

ಜತ್ತ ತಾಲೂಕಿನ ಸೋನ್ಯಾಳದಂತಹ ಗಡಿಗ್ರಾಮದಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ಮಗು ತನ್ನ ಹೆಸರನ್ನು ಮೊದಲು ಬರೆಯುವುದು ಕನ್ನಡದಲ್ಲಿ. ಅದೇ ಮಗು ಬೆಳೆದು ಇ-ಮೇಲ್ ವಿಳಾಸ ಪಡೆಯುವಾಗ ಆ ಹೆಸರು ರೋಮನ್ ಲಿಪಿಯ ವೇಷ ತೊಡಬೇಕಾಗುತ್ತದೆ. ಪತ್ರದ ಒಡಲು ಕನ್ನಡದಲ್ಲಿರಬಹುದಾದರೆ ವಿಳಾಸವೇಕೆ ಇರಬಾರದು? ಉತ್ತರ ಅಡಗಿರುವುದು ಸರ್ವರಿನಲ್ಲಿದ್ದು ಪತ್ರಗಳನ್ನು ರವಾನಿಸುವ ತಂತ್ರಾಂಶದಲ್ಲಿ. ಅದೇ ಇ-ಮೇಲ್ ಲೋಕದ ಅಂಚೆಯವ.

1982ರಲ್ಲಿ ಪತ್ರರವಾನೆಯ ನಿಯಮಗಳು ರೂಪುಗೊಂಡಾಗ 128 ಸಂಕೇತಗಳ ಆಸ್ಕಿಯೊಂದೇ ಅವುಗಳಿಗೆ ಆಧಾರವಾಗಿತ್ತು. 1992ರಲ್ಲಿ ಬಂದ ಮೈಮ್ ಪದ್ಧತಿ ಪತ್ರದ ಒಡಲಿಗೆ ಇತರ ಲಿಪಿಗಳನ್ನು ಬರಮಾಡಿಕೊಂಡಿತು. ವಿಳಾಸಕ್ಕೆ ಆ ಭಾಗ್ಯ ದೊರೆತದ್ದು 2012ರಲ್ಲಿ, ಎಸ್‌ಎಮ್‌ಟಿಪಿ-ಯುಟಿಎಫ್8 ಎಂಬ ನಿಯಮದಿಂದ. ‘ಸೋನ್ಯಾಳ’ ಎಂಬ ಹೆಸರು ಕಣ್ಣಿಗೆ ಮೂರು ಅಕ್ಷರ. ವ್ಯಂಜನ, ಸ್ವರಚಿಹ್ನೆ, ಒತ್ತಿನ ಗುರುತುಗಳನ್ನು ಬಿಡಿಯಾಗಿ ಎಣಿಸಿದರೆ ಯುನಿಕೋಡ್‌ನಲ್ಲಿ 7 ಸಂಕೇತ. ಒಂದಕ್ಕೆ 3ರಂತೆ ಯುಟಿಎಫ್-8ರಲ್ಲಿ 21 ಬೈಟು. ಹಳೆಯ ತಂತ್ರಾಂಶಕ್ಕೆ ಈ 21 ಬೈಟುಗಳು ವಿಳಾಸವೆಂದು ತೋರುವುದೇ ಇಲ್ಲ.

ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಎರಿಕ್ ಆಲ್‌ಮನ್ ರಚಿಸಿದ ಸೆಂಡ್‌ಮೇಲ್ ದಶಕಗಳ ಕಾಲ ಜಗತ್ತಿನ ಪತ್ರಗಳನ್ನು ಹೊತ್ತಿತು. ಅದರ ಹಳೆಯ ಆವೃತ್ತಿಗಳು ಈ ಹೊಸ ನಿಯಮವನ್ನು ಅರಿಯವು. ವೀತ್ಸೆ ವೆನೆಮಾ ಐಬಿಎಮ್ ಸಂಶೋಧನಾಲಯದಲ್ಲಿ ರೂಪಿಸಿ 1998ರಲ್ಲಿ ಹೊರತಂದ ಪೋಸ್ಟ್‌ಫಿಕ್ಸ್, 2015ರ 3.0 ಆವೃತ್ತಿಯಿಂದ ಅದನ್ನು ಪಾಲಿಸುತ್ತಿದೆ. ‘ಸೆಂಡ್‌ಮೇಲ್’ ಎಂಬ ಹಳೆಯ ಆಜ್ಞೆಗೂ ಅದು ಓಗೊಡುವುದರಿಂದ, ಆ ಹೆಸರಿನಿಂದ ಕರೆಯುತ್ತಿದ್ದ ಇತರ ತಂತ್ರಾಂಶಗಳನ್ನು ಸಾಮಾನ್ಯವಾಗಿ ತಿದ್ದಬೇಕಾಗಿಲ್ಲ. ಅಂಚೆಯವ ಬದಲಾದರೂ ಅಂಚೆಪೆಟ್ಟಿಗೆ ಇದ್ದಲ್ಲೇ ಇದ್ದಂತೆ.

ಬದಲಾವಣೆಗೆ ಎಚ್ಚರವೂ ಬೇಕು. ಹಳೆಯದರ ಸರದಿಯಲ್ಲಿ ಕಾದಿರುವ ಪತ್ರಗಳು ಹೊರಟ ಮೇಲೆಯೇ ಅದನ್ನು ತೆಗೆಯಬೇಕು. ಇಲ್ಲವಾದರೆ ಅವು ಅಲ್ಲಿಯೇ ಉಳಿದುಹೋಗುತ್ತವೆ. ಒಬ್ಬರಿಗೆ ಬಂದ ಪತ್ರವನ್ನು ಮತ್ತೊಬ್ಬರಿಗೆ ತಲುಪಿಸುವ ಅಡ್ಡಹೆಸರುಗಳ ಪಟ್ಟಿಯನ್ನು ಹೊಸದಕ್ಕೆ ಒಪ್ಪಿಸಬೇಕು. ಎರಡೂ ತಂತ್ರಾಂಶಗಳು ಏಕಕಾಲಕ್ಕೆ 25ನೆಯ ಪೋರ್ಟಿನಲ್ಲಿ ಕಾಯಲಾರವು. ಕೊನೆಗೆ ಒಳಗಿನಿಂದಲೂ ಹೊರಗಿನಿಂದಲೂ ಪರೀಕ್ಷಾಪತ್ರ ಕಳುಹಿಸಿ ನೋಡಬೇಕು.

ಇಷ್ಟಾದರೂ ಒಂದು ತುದಿ ಮಾತ್ರ ಸಿದ್ಧವಾದಂತಾಯಿತು. ಎರಡು ಸರ್ವರುಗಳು ಭೇಟಿಯಾದಾಗ ತಮಗೆ ತಿಳಿದ ವಿದ್ಯೆಗಳನ್ನು ಮೊದಲು ಹೇಳಿಕೊಳ್ಳುತ್ತವೆ. ಎದುರಿನ ಸರ್ವರು ಈ ನಿಯಮದ ಹೆಸರೆತ್ತದಿದ್ದರೆ ಕನ್ನಡ ವಿಳಾಸದ ಪತ್ರ ಕಳುಹಿಸಿದವರಿಗೇ ಮರಳುತ್ತದೆ. ಜಿಮೇಲ್ 2014ರಿಂದಲೇ ಇಂತಹ ವಿಳಾಸಗಳೊಡನೆ ವ್ಯವಹರಿಸುತ್ತಿದೆ. ಕನ್ನಡ ಲಿಪಿಯ ‘.ಭಾರತ’ ಎಂಬ ಕ್ಷೇತ್ರನಾಮವೂ ದೇಶಕ್ಕೆ ದೊರೆತಿದೆ. ಉಳಿದಿರುವುದು ನಡುವಿನ ಸಂಸ್ಥೆಗಳ ಸರ್ವರುಗಳು ಮತ್ತು ರೋಮನ್ ಅಕ್ಷರಗಳನ್ನಷ್ಟೇ ಒಪ್ಪುವ ಅರ್ಜಿನಮೂನೆಗಳು.

ಶಾಲೆಗಾಗಲಿ ಸಂಘಕ್ಕಾಗಲಿ ಇ-ಮೇಲ್ ವ್ಯವಸ್ಥೆ ಮಾಡಿಸುವ ಪಾಲಕರು ಸೇವೆ ಒದಗಿಸುವವರನ್ನು ಒಂದು ಪ್ರಶ್ನೆ ಕೇಳಬಹುದು: “ಕನ್ನಡದಲ್ಲಿ ಬರೆದ ವಿಳಾಸಕ್ಕೆ ಇಲ್ಲಿಂದ ಪತ್ರ ಹೋಗುವುದೇ, ಅಲ್ಲಿಂದ ಬರುವುದೇ?” ಕೇಳುವವರು ಹೆಚ್ಚಿದಂತೆ ಹಳೆಯ ತಂತ್ರಾಂಶಗಳನ್ನು ಬದಲಿಸುವ ಅಗತ್ಯವೂ ಅವರಿಗೆ ಮನವರಿಕೆಯಾಗುತ್ತದೆ.